ಪ್ರೊಟೆಕ್ಟೆಡ್ ಪ್ರಾಪರ್ಟಿ ಹೊರಗಿನಿಂದ ಓದಬೇಕು, ಆದರೆ ಯಾರೂ ಬದಲಿಸಬಾರದು. ಏನು ಮಾಡಲಿ?

ಗೋಣಿಕೊಪ್ಪ ಹುಡುಗ:
ಎಲ್ಲರಿಗೂ ನಮಸ್ಕಾರ. ಮಾವನ ಕಾಫಿ ವ್ಯಾಪಾರಕ್ಕೆ ಪಿಎಚ್‌ಪಿಯಲ್ಲಿ ಸ್ಟಾಕ್ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೇನೆ. ಲಾಟ್ ಅಂತ ಒಂದು ಕ್ಲಾಸ್. ಅದರಲ್ಲಿ ಲಾಟ್ ನಂಬರ್, ತೂಕ, ಔಟ್‌ಟರ್ನ್ ಮೂರೂ ಪ್ರೊಟೆಕ್ಟೆಡ್, ಅಂದರೆ ಆ ಕ್ಲಾಸ್ ಮತ್ತು ಅದರ ಚೈಲ್ಡ್ ಕ್ಲಾಸ್‌ಗಳಷ್ಟೇ ಮುಟ್ಟಬಹುದು. ರೋಬಸ್ಟಾ ಚೆರ್ರಿ, ಅರೇಬಿಕಾ ಪಾರ್ಚ್‌ಮೆಂಟ್ ಅದರ ಚೈಲ್ಡ್ ಕ್ಲಾಸ್‌ಗಳು. ರಿಪೋರ್ಟ್ ಪುಟದಲ್ಲಿ ತೂಕ ತೋರಿಸಲು ಹೋದರೆ 'ಕೆನಾಟ್ ಆಕ್ಸೆಸ್ ಪ್ರೊಟೆಕ್ಟೆಡ್ ಪ್ರಾಪರ್ಟಿ' ಅಂತ ಎರರ್. ಗೆಳೆಯ ಎಲ್ಲಾ ಪಬ್ಲಿಕ್ ಮಾಡಿಬಿಡು ಅಂತಾನೆ. ಇನ್ನೊಬ್ಬರು ಮ್ಯಾಜಿಕ್ ಗೆಟ್ ಮೆಥಡ್ (ಮುಟ್ಟಲಾಗದ ಪ್ರಾಪರ್ಟಿ ಓದಲು ಹೋದಾಗ ಪಿಎಚ್‌ಪಿ ತಾನೇ ಕರೆಯುವುದು) ಹಾಕು ಅಂದರು. ಯಾವುದು ಸರಿ? ಸರ್ವರ್‌ನಲ್ಲಿ ಇರುವುದು ಪಿಎಚ್‌ಪಿ 8.1.

ಕುಶಾಲನಗರ ಕೋಡರ್:
ಪಬ್ಲಿಕ್ ಬೇಡ ತಮ್ಮಾ. ಚೆರ್ರಿಗೆ ರೇಟು ಕಟ್ಟುವುದೇ ಔಟ್‌ಟರ್ನ್ ನೋಡಿ, 50 ಕೆಜಿ ಚೀಲಕ್ಕೆ ಎಷ್ಟು ಕೆಜಿ ಬೀಜ ಬರುತ್ತದೆ ಅಂತ ಲೆಕ್ಕ ಹಾಕಿ. ಅದು ಪಬ್ಲಿಕ್ ಆದರೆ ಯಾವುದೋ ಪುಟದ ಯಾವುದೋ ಸಾಲು ಅಲ್ಲಿ 500 ಅಂತ ಬರೆದರೂ ಕ್ಲಾಸ್‌ಗೆ ಗೊತ್ತೇ ಆಗುವುದಿಲ್ಲ, ಬಿಲ್ ಮಾತ್ರ ತಪ್ಪಾಗಿ ಹೋಗುತ್ತದೆ. ಓದುವುದು ಬೇರೆ, ಬದಲಿಸುವುದು ಬೇರೆ. ಓದಲು ಒಂದು ಪಬ್ಲಿಕ್ ಮೆಥಡ್ ಕೊಡಿ, ಅದು ತೂಕವನ್ನು ರಿಟರ್ನ್ ಮಾಡಲಿ, ಅಷ್ಟೇ. ಬದಲಿಸಲು ಸೆಟ್‌ತೂಕ ಅನ್ನುವುದಕ್ಕಿಂತ 'ಒಣಗಿದ ಮೇಲೆ ತೂಗು' ಅನ್ನುವಂಥ, ಕೆಲಸದ ಹೆಸರಿನ ಮೆಥಡ್ ಇಡಿ. ಹೊಸ ತೂಕ ಹಳೆಯದಕ್ಕಿಂತ ಜಾಸ್ತಿ ಇದ್ದರೆ ಅಲ್ಲೇ ಎಕ್ಸೆಪ್ಶನ್ ಎಸೆಯಿರಿ.

ಲಾಟ್ ನಂಬರ್ ಒಮ್ಮೆ ಬಂದರೆ ಬದಲಾಗುವುದಿಲ್ಲ ಅಲ್ವಾ? ಅದಕ್ಕೆ 8.1ರಲ್ಲೇ ಬಂದ ರೀಡ್‌ಓನ್ಲಿ ಸಾಕು, ಪಬ್ಲಿಕ್ ರೀಡ್‌ಓನ್ಲಿ ಮಾಡಿ. ತೂಕಕ್ಕೆ ಅದು ಆಗುವುದಿಲ್ಲ, ಒಂದು ಸಲ ಬರೆದರೆ ಮುಗಿಯಿತು.

ಮ್ಯಾಜಿಕ್ ಗೆಟ್ ನನಗೆ ಇಷ್ಟವಿಲ್ಲ. ಕೇಳಿದ ಹೆಸರನ್ನೆಲ್ಲ ಕೊಡುವ ಹಾಗೆ ಬರೆದರೆ ನಾಳೆ ನೀವು ಸೇರಿಸುವ ಖರೀದಿ ಬೆಲೆಯೂ ಹೊರಗೆ ಹೋಗುತ್ತದೆ. ಮೇಲಾಗಿ ಗೆಟ್ ಒಂದನ್ನೇ ಬರೆದು ಮ್ಯಾಜಿಕ್ ಇಸ್‌ಸೆಟ್ ಬಿಟ್ಟರೆ, ಮೌಲ್ಯ ಇದೆಯಾ ಅಂತ ಹೊರಗಿನಿಂದ ಇಸ್‌ಸೆಟ್ ಹಾಕಿ ನೋಡಿದಾಗ ತೂಕ ಇದ್ದರೂ ಫಾಲ್ಸ್ ಬರುತ್ತದೆ. ಈ ಬಗ್ ಹುಡುಕುವುದು ಬಹಳ ಕಷ್ಟ.

ವಿರಾಜಪೇಟೆ ಅಕ್ಕ:
ಮೇಲಿನದ್ದು ಒಪ್ಪುತ್ತೇನೆ. ಆದರೆ ಒಂದು ಮುಖ್ಯ ಮಾತು ಬಿಟ್ಟುಹೋಗಿದೆ. ತೂಕ ಪ್ರೊಟೆಕ್ಟೆಡ್ ಆಗಿದ್ದರೆ ಚೈಲ್ಡ್ ಕ್ಲಾಸ್ ನಿಮ್ಮ ಚೆಕ್ ದಾಟಿ ನೇರವಾಗಿ ಬರೆಯಬಹುದು. ಪಿಎಚ್‌ಪಿಯಲ್ಲಿ ಇನ್ನೂ ಸಡಿಲ: ಪ್ರಾಪರ್ಟಿ ಲಾಟ್ ಕ್ಲಾಸ್‌ನದ್ದಾದರೆ ರೋಬಸ್ಟಾ ಕ್ಲಾಸ್‌ನ ಕೋಡ್ ಅರೇಬಿಕಾ ಆಬ್ಜೆಕ್ಟ್‌ನ ತೂಕವನ್ನೂ ಮುಟ್ಟಬಹುದು. ಸಿ++ ಅದಕ್ಕೆ ಬಿಡುವುದಿಲ್ಲ. ಜಾವಾದಲ್ಲಿ ಅದೇ ಪ್ಯಾಕೇಜಿನ ಎಲ್ಲ ಕ್ಲಾಸ್‌ಗಳಿಗೂ ಪ್ರೊಟೆಕ್ಟೆಡ್ ತೆರೆದೇ ಇರುತ್ತದೆ. ಹೆಸರು ಒಂದೇ ಇದ್ದರೂ ಭಾಷೆಯಿಂದ ಭಾಷೆಗೆ ನಿಯಮ ಬೇರೆ, ನೋಡಿಕೊಳ್ಳಿ.

ಸಿ++ಗೆ ಪ್ರೊಟೆಕ್ಟೆಡ್ ಬೇಕು ಅಂತ ಆ ಭಾಷೆ ಸೃಷ್ಟಿಸಿದ ಸ್ಟ್ರೌಸ್ಟ್ರಪ್ ಹತ್ತಿರ ಬಲವಾಗಿ ವಾದಿಸಿದವರು ಮಾರ್ಕ್ ಲಿಂಟನ್. ಕೆಲವು ವರ್ಷಗಳ ನಂತರ ಅವರೇ ತಮ್ಮ ಇಂಟರ್‌ವ್ಯೂಸ್ ಅನ್ನುವ ಸಿ++ ಲೈಬ್ರರಿ ಪ್ರಾಜೆಕ್ಟಿನಲ್ಲಿ ಪ್ರೊಟೆಕ್ಟೆಡ್ ಡೇಟಾ ಬಳಸಬಾರದು ಅಂತ ಮಾಡಿದರು, ಬಗ್‌ಗಳು ಅಲ್ಲಿಂದಲೇ ಬರುತ್ತಿದ್ದವು. ಹಾಗಾಗಿ ಡೇಟಾ ಪ್ರೈವೇಟ್ (ಆ ಕ್ಲಾಸ್ ಮಾತ್ರ ಮುಟ್ಟುವಂತೆ) ಇರಲಿ, ಚೈಲ್ಡ್‌ಗೆ ಬೇಕಾದ ಮೆಥಡ್ ಮಾತ್ರ ಪ್ರೊಟೆಕ್ಟೆಡ್ ಇರಲಿ.

ಗೋಣಿಕೊಪ್ಪ ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಪ್ರೈವೇಟ್ ಮಾಡಿ ಮೆಥಡ್ ಹಾಕಿದೆ, ರಿಪೋರ್ಟ್ ಬಂತು. ಈಗ ಮೊಬೈಲ್ ಆ್ಯಪ್‌ಗೆ ಜೇಸನ್ ರೂಪದಲ್ಲಿ ಡೇಟಾ ಕಳಿಸಿದರೆ ಲಾಟ್ ನಂಬರ್ ಬಿಟ್ಟು ಏನೂ ಬರುತ್ತಿಲ್ಲ?

ಕುಶಾಲನಗರ ಕೋಡರ್:
ಜೇಸನ್ ಎನ್‌ಕೋಡ್ ತೆಗೆದುಕೊಳ್ಳುವುದು ಪಬ್ಲಿಕ್ ಪ್ರಾಪರ್ಟಿ ಮಾತ್ರ. ಕ್ಲಾಸ್‌ಗೆ ಜೇಸನ್‌ಸೀರಿಯಲೈಸಬಲ್ ಇಂಟರ್‌ಫೇಸ್ ಹಾಕಿ, ಯಾವ್ಯಾವುದು ಹೋಗಬೇಕೋ ಅದನ್ನಷ್ಟೇ ಅರೇಯಲ್ಲಿ ಕೊಡಿ. ಮುಂದೆ ಸರ್ವರ್ 8.4ಕ್ಕೆ ಬಂದರೆ 'ಪಬ್ಲಿಕ್ ಪ್ರೈವೇಟ್(ಸೆಟ್)' ಅಂತ ಬರೆಯಬಹುದು. ಎಲ್ಲರೂ ಓದಬಹುದು, ಬದಲಿಸುವುದು ಆ ಕ್ಲಾಸ್ ಒಂದೇ. ಪ್ರಾಪರ್ಟಿಗೆ ಫ್ಲೋಟ್‌ನಂಥ (ದಶಮಾಂಶ ಸಂಖ್ಯೆ) ಒಂದು ಟೈಪ್ ಹಾಕಿರಲೇಬೇಕು, ಇಲ್ಲದಿದ್ದರೆ ಒಪ್ಪುವುದಿಲ್ಲ.