ಸಹಾಯ ಬೇಕು: ಕೊಲೈಟಿಸ್ ಇರುವ ತಮ್ಮನಿಗೆ ನಾರಿನ ಆಹಾರ ಯಾವಾಗ ಕೊಡಬಹುದು?

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ನನ್ನ ತಮ್ಮನಿಗೆ 2 ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗುವ ಕಾಯಿಲೆ ಇದೆ. ಮೆಸಲಮೈನ್ ಮಾತ್ರೆಯನ್ನು ತಪ್ಪಿಸಿಲ್ಲ. ಮಳೆಗಾಲದಲ್ಲಿ ಮತ್ತೆ ರಕ್ತ ಹೋಗತೊಡಗಿದಾಗ ವೈದ್ಯರು ಸೊಪ್ಪು, ಕಾಳು, ಹಸಿ ತರಕಾರಿಗಳನ್ನು ಬಿಡಿಸಿದರು. ಅಂದಿನಿಂದ ಗಂಜಿ, ಮಜ್ಜಿಗೆಯಲ್ಲೇ ಇದ್ದಾನೆ. ರಕ್ತ ನಿಂತು 2 ತಿಂಗಳಾಗಿದೆ, ಕರುಳಿನ ಉರಿಯೂತವನ್ನು ಸೂಚಿಸುವ ಮಲದ ಕ್ಯಾಲ್ಪ್ರೊಟೆಕ್ಟಿನ್ ಪ್ರಮಾಣವೂ ಇಳಿದಿದೆ. ಆದರೂ ಅಮ್ಮ ಬಡಿಸಿದ ಸೌತೆಕಾಯಿ ಹುಳಿಯಲ್ಲಿ ಒಂದು ಬೀಜ ಕಂಡರೂ ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತಾನೆ, ನೋಡಿದರೆ ಸಂಕಟವಾಗುತ್ತದೆ.

ನನಗೆ ಅರ್ಥವಾಗದಿರುವುದು ಇಷ್ಟು. ಫೀಕಾಲಿಬ್ಯಾಕ್ಟೀರಿಯಂನಂತಹ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಶಕ್ತಿ ಮುಖ್ಯವಾಗಿ ಅದರಿಂದಲೇ ಸಿಗುತ್ತದೆ, ಮತ್ತು ಈ ಕಾಯಿಲೆಯ ಅನೇಕರಲ್ಲಿ ಅಂತಹ ಬ್ಯಾಕ್ಟೀರಿಯಾಗಳೇ ಕಡಿಮೆಯಿರುತ್ತವೆ. ಹಾಗಿದ್ದ ಮೇಲೆ ನಾರನ್ನು ಹೀಗೇ ಬಿಟ್ಟರೆ ಅವು ಇನ್ನಷ್ಟು ಸೊರಗುವುದಿಲ್ಲವೇ? ಮಜ್ಜಿಗೆಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಆ ಕೆಲಸ ಮಾಡುವುದಿಲ್ಲ. ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳನ್ನು ಒಂದು ತಿಂಗಳು ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ.

ಮುಂದಿನ ತಿಂಗಳು ವೈದ್ಯರನ್ನು ಕಾಣಲಿದ್ದೇವೆ, ಅವರನ್ನು ಕೇಳದೆ ಏನನ್ನೂ ಬದಲಿಸುವುದಿಲ್ಲ. ಇದೇ ಕಾಯಿಲೆ ಹತೋಟಿಗೆ ಬಂದವರು ದಯವಿಟ್ಟು ತಿಳಿಸಿ: ನಿಮ್ಮ ವೈದ್ಯರು ಎಷ್ಟು ದಿನಗಳ ನಂತರ ನಾರಿನ ಆಹಾರಕ್ಕೆ ಒಪ್ಪಿದರು, ಮೊದಲು ಕೊಟ್ಟದ್ದು ಬೇಯಿಸಿದ ಸಿಹಿಗುಂಬಳವೇ, ಸೋಸಿದ ಒಂದೆಲಗದ ತಂಬುಳಿಯೇ, ಬೇರೆ ಏನಾದರೂ ಇತ್ತೇ?