ಗ್ರೇಟ್‌ಫುಲ್ ಡೆಡ್ 1977: ಒಂದೇ ಶೋಗೆ ಹಲವು ರೆಕಾರ್ಡಿಂಗ್, ಯಾವುದನ್ನು ನಂಬುವುದು?

ಶ್ರುತಿಪೆಟ್ಟಿಗೆ:
ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್‌ನ 1977ರ ಮೇ ತಿಂಗಳ ಶೋಗಳನ್ನು ದಿನಾಂಕದ ಪ್ರಕಾರ ಕೇಳುತ್ತಿದ್ದೇನೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದೊಂದು ಶೋಗೂ ಸೌಂಡ್‌ಬೋರ್ಡ್ (ಮಿಕ್ಸರ್‌ನಿಂದ ನೇರವಾಗಿ ತೆಗೆದದ್ದು), ಆಡಿಯನ್ಸ್ (ಪ್ರೇಕ್ಷಕರ ನಡುವೆ ಮೈಕ್ ಇಟ್ಟು ಹಿಡಿದದ್ದು), ಮ್ಯಾಟ್ರಿಕ್ಸ್ (ಎರಡನ್ನೂ ಬೆರೆಸಿದ್ದು) ಅಂತ ಹಲವು ಪ್ರತಿಗಳಿವೆ. ಸೌಂಡ್‌ಬೋರ್ಡ್ ಇದ್ದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಬಹುದೇ? ಕೆಲವು ಪ್ರತಿಗಳಲ್ಲಿ ಶ್ರುತಿ ಏರಿದಂತಿದೆ. ಬ್ಯಾಂಡ್ ನುಡಿಸಿದ್ದೇ ಹಾಗೋ, ಟೇಪಿನ ದೋಷವೋ?

ರೀಲು_ಕ್ಯಾಸೆಟ್:
ಹಣೆಪಟ್ಟಿ ನೋಡಿ ತೀರ್ಮಾನಿಸಬೇಡಿ. ಸಾಮಾನ್ಯ ಸೌಂಡ್‌ಬೋರ್ಡ್ ಟೇಪಿನಲ್ಲಿರುವುದು ಸಭಾಂಗಣದ ಸ್ಪೀಕರ್‌ಗಳಿಗೆ ಹೋದ ಮಿಕ್ಸ್. ಗಿಟಾರ್ ಆಂಪ್, ಡ್ರಮ್ಸ್ ವೇದಿಕೆಯಿಂದಲೇ ಜೋರಾಗಿ ಕೇಳುವುದರಿಂದ ಮಿಕ್ಸರ್‌ನಲ್ಲಿ ಅವನ್ನು ತಗ್ಗಿಸಿರುತ್ತಾರೆ. ಹಾಗಾಗಿ ಟೇಪಿನಲ್ಲಿ ಹಾಡುವ ದನಿ ಮುಂದಿರುತ್ತದೆ, ಉಳಿದದ್ದು ಸೊರಗಿರುತ್ತದೆ. ಸಭಾಂಗಣ ಚಿಕ್ಕದಾದಷ್ಟೂ ಈ ಕೊರತೆ ಹೆಚ್ಚು.

ಬ್ಯಾಂಡಿನ ರೆಕಾರ್ಡಿಂಗ್ ಎಂಜಿನಿಯರ್ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರ 1977ರ ಟೇಪುಗಳ ಜಾತಿಯೇ ಬೇರೆ. ರೆಕಾರ್ಡಿಂಗ್‌ಗೆಂದೇ ಪ್ರತ್ಯೇಕ ಮಿಕ್ಸ್ ಮಾಡಿ ರೀಲಿಗೆ ಇಳಿಸಿದವು ಅವು. ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಶೋ ಅಷ್ಟು ಹೆಸರಾಗಿದ್ದರಲ್ಲಿ ಈ ಟೇಪಿನ ಪಾಲೂ ದೊಡ್ಡದು. ನುಡಿಸಾಣಿಕೆಯಲ್ಲಿ ಮರುದಿನದ ಬಫಲೋ ಶೋ ಅದಕ್ಕೇನೂ ಕಡಿಮೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಶ್ರುತಿ. ಅಮೆರಿಕದ ಕರೆಂಟು 60 ಹರ್ಟ್ಸ್. ಹಾಡುಗಳ ನಡುವೆ ಸದ್ದು ಇಳಿದಾಗ ಹಮ್ (ಕರೆಂಟಿನ ಗುಂಯ್ ಸದ್ದು) ಕೇಳಿದರೆ, ಆ ತುಣುಕನ್ನು ಆಡಿಯೊ ಎಡಿಟರ್ ಆಡಾಸಿಟಿಯಲ್ಲಿ ಆರಿಸಿ ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ, ಸೈಜ್ 65536 ಇಡಿ. 60ರ ಬದಲು 61.8ರಲ್ಲಿ ಶಿಖರವಿದ್ದರೆ ಟೇಪ್ 3% ವೇಗವಾಗಿ ಓಡಿದೆ, ಅಂದರೆ ಹೆಚ್ಚುಕಡಿಮೆ ಕಾಲು ಸ್ವರ. ಸರಿಪಡಿಸಲು ಚೇಂಜ್ ಸ್ಪೀಡ್ (ಹೊಸ ಆವೃತ್ತಿಗಳಲ್ಲಿ ಚೇಂಜ್ ಸ್ಪೀಡ್ ಆಂಡ್ ಪಿಚ್) ಬಳಸಿ, ಬರೀ ಚೇಂಜ್ ಪಿಚ್ ಅಲ್ಲ. ಅಲ್ಲಿ -3 ಅಲ್ಲ, -2.91 ಹಾಕಬೇಕು. ಸರಿಯಾಗಿ 60ರಲ್ಲಿ ಇನ್ನೊಂದು ಶಿಖರವೂ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ನಂತರ ನಕಲು ಮಾಡಿದ ಟೇಪ್ ಡೆಕ್ ಸೇರಿಸಿದ ಹಮ್ ಇರಬಹುದು.

ಎಡಕಿವಿ_ಬಲಕಿವಿ:
ಆಡಿಯನ್ಸ್ ಟೇಪಿಗೆ ಈ ಉಪಾಯ ನಡೆಯುವುದು ಕಷ್ಟ. ಅವನ್ನು ಹಿಡಿದದ್ದು ಹೆಚ್ಚಾಗಿ ಬ್ಯಾಟರಿಯಲ್ಲಿ ಓಡಿದ ಡೆಕ್ಕುಗಳು. ರೆಕಾರ್ಡ್ ಮಾಡುವಾಗ ಬ್ಯಾಟರಿ ಸೋತು ಟೇಪ್ ನಿಧಾನವಾದರೆ, ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಮೆಲ್ಲಗೆ ಏರುತ್ತಾ ಹೋಗುತ್ತದೆ. ಪ್ರತಿ ಸೈಡಿನ ಶುರು ಮತ್ತು ಕೊನೆ ಎರಡನ್ನೂ ಅಧಿಕೃತ ಬಿಡುಗಡೆಯ ಪಕ್ಕ ಇಟ್ಟು ಕೇಳಿ.

ಮ್ಯಾಟ್ರಿಕ್ಸ್‌ನಲ್ಲಿ ನೋಡಬೇಕಾದದ್ದು ಹೊಂದಾಣಿಕೆ. ಮೈಕ್ 30 ಮೀಟರ್ ದೂರವಿದ್ದರೆ ಸದ್ದು ಸುಮಾರು 88 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದನ್ನು ಆರಂಭದಲ್ಲಿ ಸರಿಮಾಡಿದರೂ ಎರಡು ಡೆಕ್ಕುಗಳ ವೇಗ ಬೇರೆಯಾದ್ದರಿಂದ ಮತ್ತೆ ಜಾರುತ್ತದೆ. ಸ್ನೇರ್ ಪೆಟ್ಟು ಜೋಡಿಯಾಗಿ ಕೇಳಿತೆಂದು ದೋಷ ಹೊರಿಸಬೇಡಿ, 1977ರಲ್ಲಿ ಕ್ರಾಯ್ಟ್ಸ್‌ಮನ್, ಹಾರ್ಟ್ ಇಬ್ಬರೂ ಡ್ರಮ್ಸ್‌ನಲ್ಲಿದ್ದರು. ಹೆಡ್‌ಫೋನ್‌ನಲ್ಲಿ ಗಾರ್ಸಿಯಾ ಹಾಡುವ ಪದಗಳ ಟ, ಕ ಅಕ್ಷರಗಳು ಒಡೆದು ಎರಡಾಗುತ್ತವೆಯೇ ಗಮನಿಸಿ.

ಶ್ರುತಿಪೆಟ್ಟಿಗೆ:
ಧನ್ಯವಾದಗಳು. ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸುವ ರೂಪ) ಫೈಲಾದರೆ ಗುಣಮಟ್ಟ ಖಾತ್ರಿಯೇ?

ರೀಲು_ಕ್ಯಾಸೆಟ್:
ಇಲ್ಲ. ಸ್ಪೆಕ್ಟ್ರೋಗ್ರಾಮ್‌ನಲ್ಲಿ 16 ಕಿಲೋಹರ್ಟ್ಸ್ ಹತ್ತಿರ ಗೋಡೆ ಎಬ್ಬಿಸಿದಂತೆ ಸದ್ದು ನಿಂತಿದ್ದರೆ ನಡುವೆ ಎಂಪಿ3 ಆಗಿ ಬಂದಿರುವ ಸಾಧ್ಯತೆ ಹೆಚ್ಚು. ಕ್ಯಾಸೆಟ್ಟಿನಲ್ಲಾದರೆ ಅದು ಇಳಿಜಾರಾಗಿ ಕರಗುತ್ತದೆ. ಇಡೀ ರೆಕಾರ್ಡಿಂಗ್ ಮಂಕಾಗಿದ್ದರೆ, ಡಾಲ್ಬಿ ಬಿ (ಟೇಪಿನ ಹಿಸ್ ಸದ್ದು ತಗ್ಗಿಸುವ ವ್ಯವಸ್ಥೆ) ಇಲ್ಲದ ಟೇಪನ್ನು ಡಾಲ್ಬಿ ಹಾಕಿ ನುಡಿಸಿರಬಹುದು. ಫೈಲುಗಳ ಜೊತೆಗಿರುವ ಟೆಕ್ಸ್ಟ್ ಟಿಪ್ಪಣಿಯಲ್ಲಿ ಮಾಸ್ಟರ್‌ನಿಂದ (ಮೂಲ ಟೇಪಿನಿಂದ) ಎಷ್ಟನೇ ನಕಲು, ಯಾವ ಡೆಕ್ ಎಂದು ಬರೆದಿದ್ದರೆ ಮೊದಲು ಆ ಪ್ರತಿಯನ್ನೇ ಆರಿಸಿಕೊಳ್ಳಿ.