ಪದಚರ್ಚೆ: ‘ತತೆಮಾರ್’ಗೆ ಸುಡು, ಹುರಿ, ಬಾಡಿಸು, ಯಾವುದು? (ತುರ್ತು)

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೋ ಅಡುಗೆಯ ಬರಹವೊಂದನ್ನು ಸ್ಪ್ಯಾನಿಶ್‌ನಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ‘ಸಾಲ್ಸಾ ರೋಹಾ ತತೆಮಾದಾ’ ಹತ್ತಿರ ನಿಂತುಬಿಟ್ಟಿದ್ದೇನೆ. 4 ಟೊಮೇಟೊ, 2 ಸೆರ್ರಾನೊ ಮೆಣಸಿನಕಾಯಿ, ಅರ್ಧ ಈರುಳ್ಳಿ, ಸಿಪ್ಪೆ ಬಿಡಿಸದ 2 ಎಸಳು ಬೆಳ್ಳುಳ್ಳಿ. ಇವನ್ನು ಎಣ್ಣೆ ಹಾಕದೆ, ಒಲೆಯ ಮೇಲಿನ ಚಪ್ಪಟೆ ‘ಕೊಮಾಲ್’ ಮೇಲಿಟ್ಟು, ಸಿಪ್ಪೆ ಕಪ್ಪಾಗುವವರೆಗೆ ಬಿಡುತ್ತಾರೆ. ಇದೇ ‘ತತೆಮಾರ್’. ಆಮೇಲೆ ಅರೆಯುವ ಕಲ್ಲು ‘ಮೊಲ್ಕಾಹೇತೆ’ಯಲ್ಲಿ ಮೊದಲು ಉಪ್ಪು, ಬೆಳ್ಳುಳ್ಳಿ, ನಂತರ ಮೆಣಸಿನಕಾಯಿ, ಕೊನೆಗೆ ಟೊಮೇಟೊ. ನುಣ್ಣಗಾಗಬಾರದು.

ಹುರಿ, ಸುಡು, ಬಾಡಿಸು, ಯಾವುದು ಸರಿ? ಸಾಲ್ಸಾಗೆ ‘ಚಟ್ನಿ’ ಸಾಕಾ?

---

> ಸಾಲ್ಸಾಗೆ ‘ಚಟ್ನಿ’ ಸಾಕಾ?

ಸಾಲದು. ಚಟ್ನಿ ಹಿಂದಿಯದು. ‘ಚಾಟ್‌ನಾ’ ಅಂದರೆ ನೆಕ್ಕುವುದು. ನಮ್ಮದೇ ಗೊಜ್ಜು ಇರುವಾಗ ಎರವಲು ಯಾಕೆ? ಟೊಮೇಟೊಗೂ ಚಪ್ಪರಬದನೆ ಅನ್ನೋ ಹೆಸರಿದೆ. ‘ಚಪ್ಪರಬದನೆ ಗೊಜ್ಜು’ ಅಂತ ಬರೆಯಿರಿ.

---

> ನಮ್ಮದೇ ಗೊಜ್ಜು ಇರುವಾಗ ಎರವಲು ಯಾಕೆ?

ಒಪ್ಪಲಾರೆ. ಗೊಜ್ಜು ಅಂದರೆ ಹುಣಸೆಹುಳಿ, ಬೆಲ್ಲ ನೆನಪಾಗುತ್ತೆ. ಸಾಲ್ಸಾದಲ್ಲಿ ಎರಡೂ ಇಲ್ಲ. ಚಪ್ಪರಬದನೆ ಅಂತ ಕೇಳಿದರೆ ಇವತ್ತು ಎಷ್ಟು ಅಂಗಡಿಯವರಿಗೆ ಗೊತ್ತಾಗುತ್ತೆ? ಟೊಮೇಟೊ ಹೆಸರು ಮೂಲದಲ್ಲಿ ಮೆಕ್ಸಿಕೋದ ನಾವಾಟ್ಲ್ ನುಡಿಯ ‘ತೊಮಾಟ್ಲ್’. ಸ್ಪೇನಿನವರೂ ಅಲ್ಲಿಂದಲೇ ತಗೊಂಡರು. ಪೋರ್ಚುಗೀಸರ ಮೂಲಕ ಬಂದ ಮೆಣಸಿನಕಾಯಿಗೆ ನಮ್ಮವರು ‘ಚಿಲ್ಲಿ’ ಅನ್ನಲಿಲ್ಲ, ಮನೆಯಲ್ಲಿದ್ದ ಕಾಳುಮೆಣಸಿನ ಹೆಸರನ್ನೇ ಹಚ್ಚಿದರು. ಎರಡೂ ಕನ್ನಡದ ದಾರಿಯೇ. ಸಾಲ್ಸಾ ಅಂದರೆ ಲ್ಯಾಟಿನ್‌ನಲ್ಲಿ ‘ಉಪ್ಪು ಹಾಕಿದ್ದು’. ನಮ್ಮ ಉಪ್ಪಿನಕಾಯಿಯಲ್ಲೂ ಉಪ್ಪೇ ಹೆಸರು ಕೊಟ್ಟಿದ್ದು, ಅಲ್ವಾ?

ಅವರು ಮೊದಲು ಕೇಳಿದ್ದು ಕ್ರಿಯಾಪದ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ‘ಸುಡು’ ಬರೆಯಿರಿ. ರವೆ, ಕಡಲೆಬೀಜ ಹುರಿಯುತ್ತೇವೆ, ಕೈಯಾಡಿಸುತ್ತಲೇ ಇರಬೇಕು. ಸೊಪ್ಪು ಬಾಡಿಸುತ್ತೇವೆ, ಅದು ಮೆತ್ತಗಾದರೆ ಸಾಕು. ಬದನೆಕಾಯಿ ಮಾತ್ರ ಸುಡುತ್ತೇವೆ. ಇದೂ ಅದೇ ಕೆಲಸ.

ನಿಮ್ಮ ಮೇಲ್ ಓದಿ ನಾನೂ ಕಾವಲಿ ಇಟ್ಟೆ. ಸೆರ್ರಾನೊ ಬದಲು ನಮ್ಮ ಹಸಿಮೆಣಸಿನಕಾಯಿ. ಟೊಮೇಟೊ ಮೊದಲು ಅಲ್ಲಲ್ಲಿ ಕಪ್ಪಾಯಿತು. ಆಮೇಲೆ ಸಿಪ್ಪೆ ಬಿರಿದು, ರಸ ಕಾವಲಿಗೆ ಇಳಿದು ಚುರ್ ಅಂತು. ಮೆಣಸಿನಕಾಯಿ ಘಾಟಿಗೆ ಕಿಟಕಿ ತೆಗೆಯಬೇಕಾಯಿತು. ಮನೆ ತುಂಬಾ ಸುಟ್ಟ ಬದನೆಕಾಯಿಯದೇ ವಾಸನೆ. ಒರಳಲ್ಲಿ ಬೆಳ್ಳುಳ್ಳಿ, ಉಪ್ಪು ಮೊದಲು ಅರೆದಿದ್ದಕ್ಕೆ ಅದರ ಚೂರು ಎಲ್ಲೂ ಬಾಯಿಗೆ ಸಿಗಲಿಲ್ಲ. ಆ ಕ್ರಮ ಬರಹದಲ್ಲಿ ತಪ್ಪಿಸಬೇಡಿ.

ಕೊಮಾಲ್‌ಗೆ ಕಾವಲಿ. ಉತ್ತರ ಕರ್ನಾಟಕದವರಿಗೆ ಹಂಚು. ಮೊಲ್ಕಾಹೇತೆಗೆ ‘ಮೂರು ಕಾಲಿನ ಕಲ್ಲಿನ ಒರಳು’ ಅಂತ ಒಮ್ಮೆ ಬಿಡಿಸಿ ಹೇಳಿ, ಮುಂದೆ ಒರಳು ಅಂದರೆ ಸಾಕು. ‘ರುಬ್ಬು’ ಬೇಡ, ಹಿಟ್ಟಿನಷ್ಟು ನುಣ್ಣಗೆ ಅನ್ನಿಸುತ್ತೆ. ‘ತರಿತರಿಯಾಗಿ ಅರೆ’ ಅನ್ನಿ.

---

ಇವತ್ತು ಸಾಲ್ಸಾ. ನಾಳೆ ಸಾರಿಗೂ ಸೂಪ್ ಅಂತೀರಿ. ಹೀಗೇ ಒಂದೊಂದಾಗಿ ಪದ ಹೋಗುತ್ತೆ.

---

ಸಾರು ನಮ್ಮ ಪಾತ್ರೆಯಲ್ಲಿದೆ, ಅದರ ಹೆಸರು ಎಲ್ಲೂ ಹೋಗಲ್ಲ. ಸಾಲ್ಸಾ ಅವರದು.

---

ಇಬ್ಬರಿಗೂ ಧನ್ಯವಾದ. ‘ಸುಟ್ಟ ಟೊಮೇಟೊ ಸಾಲ್ಸಾ’ ಅಂತ ಕಳಿಸುತ್ತಿದ್ದೇನೆ. ಒಳಗೆ ಸುಡು, ಕಾವಲಿ, ಒರಳು, ತರಿತರಿ ಎಲ್ಲ ಬಂದಿವೆ. ಇನ್ನೊಂದೇ ಉಳಿದಿದೆ. ಒರಳಿನ ಜೊತೆಗಿನ ಗಿಡ್ಡ ಕಲ್ಲು, ‘ತೆಹೊಲೋತೆ’, ಅದಕ್ಕೆ ‘ಗುಂಡುಕಲ್ಲು’ ಆಗುತ್ತಾ? ರಾತ್ರಿ 11ರ ಒಳಗೆ ಹೇಳಿ.